ಅಮೆರಿಕದಲ್ಲಿ ಸ್ವಂತ ಲಾರಿ ಓಡಿಸುವವರು 25–30 ವರ್ಷ ಹಳೆಯ ಗಾಡಿಯನ್ನೇ ಯಾಕೆ ಇಟ್ಟುಕೊಂಡಿರುತ್ತಾರೆ?

ಮುಖ್ಯ ಕಾರಣ, ಕಂತು ಇಲ್ಲ. ಸ್ವಂತ ಗಾಡಿಯವನಿಗೆ ದುಡ್ಡು ಹುಟ್ಟುವುದು ಲೋಡು ಹೊತ್ತು ಓಡಿದಾಗ. ಸಾಲದ ಕಂತು ಮಾತ್ರ ಗಾಡಿ ನಿಂತರೂ ಕಟ್ಟಲೇಬೇಕು. ಸಾಲ ತೀರಿದ 1990ರ ದಶಕದ ಪೀಟರ್‌ಬಿಲ್ಟ್ ಲಾರಿ ಇದ್ದರೆ, ಬಾಡಿಗೆ ಕುಸಿದ ವಾರ ಡೀಸೆಲ್ ಖರ್ಚೂ ಗಿಟ್ಟದ ಲೋಡನ್ನು ಬೇಡವೆಂದು ಮನೆಯಲ್ಲಿ ಕೂರಬಹುದು. (ವಿಮೆ ಮಾತ್ರ ಆಗಲೂ ಕಟ್ಟಲೇಬೇಕು ಬಿಡಿ.)

ಇನ್ನೊಂದು, ಎಂಜಿನ್. ಆ ದಶಕದ ಕ್ಯಾಟರ್‌ಪಿಲ್ಲರ್ 3406ಇ, ಡೆಟ್ರಾಯಿಟ್ ಸೀರೀಸ್ 60ರಂಥವುಗಳಲ್ಲಿ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ, ಬಿಚ್ಚಿ ಬದಲಿಸುವಂಥದ್ದು. ಎಂಜಿನ್ ಕೆಳಗಿಳಿಸುವುದೇ ಬೇಡ. ಮೇಲಿನಿಂದ ಹೆಡ್ ತೆಗೆದು, ಕೆಳಗಿನಿಂದ ಆಯಿಲ್ ಪ್ಯಾನ್ ಬಿಚ್ಚಿ, ಆರೂ ಲೈನರ್-ಪಿಸ್ಟನ್ ಹೊಸದು ಹಾಕಿದರೆ ಮತ್ತೆ ಲಕ್ಷಾಂತರ ಮೈಲಿ. 2007ರ ಹೊತ್ತಿಗೆ ಬಂದ ಮಸಿ ಫಿಲ್ಟರ್, 2010ರ ನಂತರದ, ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣದ ವ್ಯವಸ್ಥೆ ಇವುಗಳಲ್ಲಿಲ್ಲ. ಹೊಸ ಗಾಡಿಯಲ್ಲಿ ಅದರದೊಂದು ಸೆನ್ಸರ್ ಕೈಕೊಟ್ಟರೂ ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಂಡು ಹೆದ್ದಾರಿಯಲ್ಲಿ ತೆವಳತೊಡಗಬಹುದು.

2000ಕ್ಕಿಂತ ಹಿಂದಿನ ಎಂಜಿನ್‌ಗೆ ಚಾಲನೆಯ ಗಂಟೆಗಳನ್ನು ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಯಂತ್ರದಿಂದ ವಿನಾಯಿತಿಯೂ ಸಿಕ್ಕಿತು. ಆದರೆ 11 ಗಂಟೆ ಚಾಲನೆಯ ಮಿತಿ ಅವರಿಗೂ ಉಂಟು, ಕೈಯಲ್ಲಿ ಬರೆದಿಡಬೇಕು ಅಷ್ಟೆ.

ಡೀಸೆಲ್ ಜಾಸ್ತಿ ಕುಡಿಯುತ್ತದೆ, ನಿಜ. ಉಳಿದ ಕಂತಿನ ದುಡ್ಡಲ್ಲಿ ಒಂದು ಪಾಲು ರಿಪೇರಿಗೆಂದು ತೆಗೆದಿಡದವನಿಗೆ ನಾನಂತೂ ಹಳೇ ಗಾಡಿ ಬೇಡ ಅನ್ನುತ್ತೇನೆ. ಕ್ಯಾಲಿಫೋರ್ನಿಯಾದ ಲೋಡನ್ನೂ ಮರೆಯಬೇಕು: ಹೊಗೆ ನಿಯಮದಿಂದಾಗಿ 2023ರಿಂದ ಅಲ್ಲಿ 2010ಕ್ಕಿಂತ ಹಳೆಯ ಎಂಜಿನ್‌ಗಳಿಗೆ ಬಹುತೇಕ ಬಾಗಿಲು ಮುಚ್ಚಿದೆ.