ಸ್ಕಲ್ ವೈವಾಗೆ ಹೇಗೆ ಓದಲಿ? ಪಟ್ಟಿ ಬಿಡಿ, ಎರಡು ರಂಧ್ರ ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: ಚಿತ್ರದುರ್ಗದಲ್ಲಿ ಕನ್ನಡ ಮೀಡಿಯಂ ಓದಿದವರು, ಈಗ ದಾವಣಗೆರೆಯಲ್ಲಿ ಫಸ್ಟ್ ಇಯರ್ ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸು). ತಲೆಬುರುಡೆಯ ಮೂಳೆ, ರಂಧ್ರಗಳ ಪಟ್ಟಿ ರಾತ್ರಿ ಬಾಯಿಪಾಠ ಮಾಡಿದ್ದು ಬೆಳಗ್ಗೆ ಹೊತ್ತಿಗೆ ಮರೆತಿರುತ್ತೆ. ವೈವಾ, ಅಂದರೆ ಬಾಯಿ ಪರೀಕ್ಷೆ, ಹತ್ತಿರ ಬಂತು, ಹೇಗೆ ಓದೋದು? ಪ್ಲಾಸ್ಟಿಕ್ ಸ್ಕಲ್ ತಗೊಂಡರೆ ಸಾಕಾ?

ನಾನು ಇದೇ ಊರಲ್ಲಿ ಅನಾಟಮಿ ಪಾಠ ಮಾಡುವವನು. ಮೊದಲು ಒಂದು ಮಾತು: ಮೀಡಿಯಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಾನ್ವೆಂಟ್‌ನಲ್ಲಿ ಓದಿ ಬಂದವರೂ ಸ್ಕಲ್ ಟೇಬಲ್ ಮುಂದೆ ಬೆವರೋದನ್ನ ಪ್ರತಿ ವರ್ಷ ನೋಡ್ತೀನಿ.

ಲೆಕ್ಕ ಬೇಗ ಮುಗಿಸಿಬಿಡೋಣ. ಮಿದುಳನ್ನು ಮುಚ್ಚುವವು 8: ಹಣೆಗೆ ಫ್ರಾಂಟಲ್, ನೆತ್ತಿಯ ಎರಡು ಪಕ್ಕಕ್ಕೆ ಪೆರೈಟಲ್, ಕಿವಿಯ ಹತ್ತಿರ ಎರಡು ಟೆಂಪೊರಲ್, ಹೆಡತಲೆಗೆ ಆಕ್ಸಿಪಿಟಲ್, ಒಳಗೆ ಸ್ಫೀನಾಯ್ಡ್, ಎತ್ಮಾಯ್ಡ್. ಮುಖದವು 14. ಒಟ್ಟು 22, ಅದರಲ್ಲಿ ಅಲ್ಲಾಡೋದು ಕೆಳದವಡೆ ಒಂದೇ. ಕಿವಿಯೊಳಗಿನ 6 ಪುಟ್ಟ ಮೂಳೆ ಈ ಲೆಕ್ಕಕ್ಕೆ ಸೇರಲ್ಲ. ಇದನ್ನು ಗಡಗಡ ಒಪ್ಪಿಸಿದ್ದಕ್ಕೆ ಯಾವ ಎಕ್ಸಾಮಿನರೂ ಖುಷಿಪಟ್ಟಿದ್ದು ನಾನು ಕಂಡಿಲ್ಲ. 'ಆತು ಬಿಡವ್ವ, ಈಗ ಹಿಡ್ಕೊಂಡು ತೋರ್ಸು' ಅಂತಾರೆ. ಹಿಡಿಯುವುದೇ ಮೊದಲ ಪ್ರಶ್ನೆ. ಕಣ್ಣಿನ ಗೂಡಿನ ಕೆಳ ಅಂಚು, ಕಿವಿ ರಂಧ್ರದ ಮೇಲಂಚು ಒಂದೇ ಮಟ್ಟಕ್ಕೆ ಬರಬೇಕು. ಇದರಲ್ಲೇ ಅರ್ಧ ಜನ ಎಡವುತ್ತಾರೆ.

ಹೊಲಿಗೆಗಳನ್ನು, ಅಂದರೆ ಸೂಚರ್‌ಗಳನ್ನು, ಓದೋಕೆ ಬುರುಡೆಯೇ ಬೇಕಿಲ್ಲ. ನಡು ಬೈತಲೆ ತೆಗೆದರೆ ಅದರಡಿ ಸ್ಯಾಜಿಟಲ್. ಹೇರ್‌ಬ್ಯಾಂಡ್ ಹಾಕುವ ಗೆರೆಯ ಆಸುಪಾಸು ಕೊರೋನಲ್. ಎರಡೂ ಸೇರುವ ಜಾಗ ಬ್ರೆಗ್ಮಾ. ಕೂಸಿನ ನೆತ್ತಿಗೆ ಅಜ್ಜಿ ಎಣ್ಣೆ ತಟ್ಟುವಾಗ ಮೆತ್ತಗೆ ಬಡಿದುಕೊಳ್ಳುತ್ತಲ್ಲ, ಅದೇ ಇದು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕೂಡಿಕೊಳ್ಳುತ್ತೆ.

ಇನ್ನು ನಿಜವಾದ ಕಷ್ಟ, ಬುರುಡೆಯ ತಳ. ಮೇಲಿನ ಮುಚ್ಚಳ ತೆಗೆದು ಒಳಗೆ ನೋಡಿ. ನಡುವೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ಸ್ಫೀನಾಯ್ಡ್. ಅದರ ದೊಡ್ಡ ರೆಕ್ಕೆಯಲ್ಲಿ ಮುಂದಿನಿಂದ ಹಿಂದಕ್ಕೆ ಮೂರು ರಂಧ್ರ: ರೋಟಂಡಮ್, ಓವೇಲ್, ಸ್ಪೈನೋಸಮ್. ಮೊದಲನೆಯದನ್ನು ಸದ್ಯಕ್ಕೆ ಬಿಡಿ. ಉಳಿದೆರಡು ಒಂದರ ಪಕ್ಕ ಒಂದಿವೆ. ದೊಡ್ಡದು ಮೊಟ್ಟೆಯಾಕಾರದ ಓವೇಲ್, ಅದರ ಹಿಂದೆ ಸ್ವಲ್ಪ ಹೊರಗೆ ಸಣ್ಣದು ಸ್ಪೈನೋಸಮ್. ಒಂದರಿಂದ ನರ ಕೆಳಗಿಳಿಯುತ್ತೆ, ಇನ್ನೊಂದರಿಂದ ರಕ್ತನಾಳ ಮೇಲೆ ಹತ್ತುತ್ತೆ. ನನ್ನ ಪ್ರಕಾರ ಈ ಎರಡು ದಾರಿ ಸರಿಯಾಗಿ ನಡೆದವರಿಗೆ ಅರ್ಧ ಸ್ಕಲ್ ಬಂದಂತೆ.

ಪೊರಕೆಕಡ್ಡಿ ತಗೊಂಡು ಓವೇಲ್‌ಗೆ ಮೇಲಿನಿಂದ ಇಳಿಸಿ, ಬುರುಡೆ ತಿರುಗಿಸಿ ನೋಡಿ. ಕಡ್ಡಿ ತುದಿ ಲ್ಯಾಟರಲ್ ಟೆರಿಗಾಯ್ಡ್ ಪ್ಲೇಟ್‌ನ (ಸ್ಫೀನಾಯ್ಡ್‌ನಿಂದ ಕೆಳಗೆ ಇಳಿದ ತೆಳು ಹಲಗೆ) ಬುಡದ ಹಿಂದೆ ಬಂದಿರುತ್ತೆ. ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರದ ಮೂರನೇ ಕವಲು, ಮ್ಯಾಂಡಿಬ್ಯುಲರ್, ಹೊರಬರುವುದು ಇಲ್ಲೇ. ಅಗಿಯುವ ಸ್ನಾಯುಗಳಿಗೆಲ್ಲ ಇದರದೇ ನರ. ಕಣತಲೆ ಮೇಲೆ ಬೆರಳಿಟ್ಟು ಏನಾದರೂ ಅಗಿದು ನೋಡಿ, ಉಬ್ಬಿ ಇಳಿಯೋದು ಟೆಂಪೊರಾಲಿಸ್. (ಚನ್ನಗಿರಿ ಸೀಮೆಯ ಹುಡುಗರು ಇದಕ್ಕೆ ಅಡಿಕೆ ಹಾಕ್ಕೊಳ್ಳೋಕೆ ನೋಡ್ತಾರೆ. ನಾಳೆ ಹಲ್ಲಿನ ಡಾಕ್ಟರಾಗೋರು, ಬೇಡ. ಶೇಂಗಾ ಸಾಕು.) ಅದೇ ನರದ ಒಂದು ಕವಲು ಕೆಳಗಿಳಿದು ದವಡೆ ಮೂಳೆಯ ಒಳಮುಖದ ರಂಧ್ರಕ್ಕೆ ನುಗ್ಗುತ್ತೆ. ರಂಧ್ರದ ಬಾಯಲ್ಲಿ ಲಿಂಗುಲಾ ಅನ್ನೋ ಸಣ್ಣ ಚಾಚು ಇದೆ, ಉಗುರಿಗೆ ಸಿಗುತ್ತೆ. ನರ ಮೂಳೆಯೊಳಗೇ ಸಾಗಿ ಆ ಬದಿಯ ಕೆಳಹಲ್ಲುಗಳಿಗೆಲ್ಲ ಎಳೆ ಕೊಟ್ಟು, ಪ್ರಿಮೋಲರ್‌ಗಳ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲು) ಕೆಳಗಿನ ಮೆಂಟಲ್ ಫೊರಾಮೆನ್, ಅಂದರೆ ಗದ್ದದ ರಂಧ್ರದಿಂದ ಒಂದು ಕವಲನ್ನು ತುಟಿ, ಗದ್ದಕ್ಕೆ ಕಳಿಸುತ್ತೆ. ಕೆಳಗಿನ ದವಡೆಹಲ್ಲು ಕೀಳುವ ಮುಂಚೆ ಆ ಲಿಂಗುಲಾ ಹತ್ತಿರ ಇಂಜೆಕ್ಷನ್ ಕೊಟ್ಟರೆ ತುಟಿ ಅರ್ಧ ಮರಗಟ್ಟೋದು ಇದಕ್ಕೇ. ಮುಂದೆ ದಿನಾ ಕೊಡೋ ಇಂಜೆಕ್ಷನ್ ಅದು.

ಈಗ ಸ್ಪೈನೋಸಮ್. ಇಲ್ಲಿ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ತೆಳ್ಳಗಿನದು ಬೇಕು. ಮಿದುಳಿನ ಪೊರೆಗೆ ರಕ್ತ ಕೊಡುವ ಮಿಡಲ್ ಮೆನಿಂಜಿಯಲ್ ಅಪಧಮನಿ ಒಳಬರುವ ಬಾಗಿಲು ಇದು. ಒಳಗೋಡೆಯಲ್ಲಿ ಆ ರಕ್ತನಾಳ ಹಾದ ಗೀರು ಕಾಣುತ್ತೆ, ಬೆರಳಾಡಿಸಿದರೆ ತಿಳಿಯುತ್ತೆ. ಗೀರನ್ನೇ ಹಿಡಿದು ಮೇಲೆ ಹೋಗಿ. ಅದರ ಮುಂದಿನ ಕವಲು ಕಣತಲೆಯ ಒಳಬದಿಗೆ ತಲುಪುವ ಜಾಗದಲ್ಲಿ ಹೊರಗೆ ಫ್ರಾಂಟಲ್, ಪೆರೈಟಲ್, ಟೆಂಪೊರಲ್, ಸ್ಫೀನಾಯ್ಡ್ ನಾಲ್ಕೂ ಕೂಡುತ್ತವೆ. ಆ ಜಾಗದ ಹೆಸರೇ ಟೆರಿಯಾನ್. ಕೆನ್ನೆಯ ಕಮಾನಿನಿಂದ ಎರಡು ಬೆರಳು ಮೇಲೆ, ಕಣ್ಣುಗೂಡಿನ ಹೊರ ಅಂಚಿನ ಮೂಳೆಯಿಂದ ಒಂದು ಹೆಬ್ಬೆರಳು ಹಿಂದೆ. ಬುರುಡೆಯನ್ನು ಬಲ್ಬಿಗೆ ಹಿಡಿದರೆ ಅಲ್ಲಿ ಬೆಳಕು ಹಾಯುವಷ್ಟು ತೆಳು.

ಹೆದ್ದಾರಿಯಲ್ಲಿ ಬೈಕ್‌ನಿಂದ ಬಿದ್ದವರು ಎದ್ದು ಮೈ ಕೊಡವಿಕೊಂಡು 'ಏನಾಗಿಲ್ರೀ' ಅಂತ ಚಾ ಕುಡಿದು ಮನೆಗೆ ಹೋಗಿ, ಕೆಲವು ಗಂಟೆ ಬಿಟ್ಟು ತಲೆನೋವು, ವಾಂತಿ, ಆಮೇಲೆ ಎಚ್ಚರ ತಪ್ಪೋದು ಕೇಳಿರ್ತೀರಿ. ಟೆರಿಯಾನ್ ಬಿರುಕು ಬಿಟ್ಟು ಈ ರಕ್ತನಾಳ ಹರಿದರೆ ಹಾಗಾಗುತ್ತೆ. ರಕ್ತ ಮೂಳೆಗೂ ಡ್ಯೂರಾ ಪೊರೆಗೂ (ಮಿದುಳಿನ ಹೊರಹೊದಿಕೆ) ನಡುವೆ ತುಂಬಿಕೊಳ್ಳುತ್ತೆ. ಸೂಚರ್‌ಗಳಲ್ಲಿ ಪೊರೆ ಮೂಳೆಗೆ ಗಟ್ಟಿಯಾಗಿ ಅಂಟಿರುವುದರಿಂದ ರಕ್ತ ಸಾಮಾನ್ಯವಾಗಿ ಅದನ್ನು ದಾಟಿ ಹರಡಲ್ಲ, ನಿಂತಲ್ಲೇ ಉಬ್ಬಿ ಮಿದುಳನ್ನು ಒತ್ತುತ್ತೆ. ಸಿಟಿ ಸ್ಕ್ಯಾನ್‌ನಲ್ಲಿ ಮಸೂರದ ಹಾಗೆ ಎರಡೂ ಮೈ ಉಬ್ಬಿದ ಬಿಳಿ ತುಂಡಾಗಿ ಕಾಣೋದು ಅದಕ್ಕೇ. ಪೊಲೀಸರ ಕಣ್ಣು ತಪ್ಪಿಸೋಕೆ ಹಾಕೋ ಟೋಪಿಯಂಥ ಹೆಲ್ಮೆಟ್ ಸರಿಯಾಗಿ ಈ ಜಾಗವನ್ನು ಮುಚ್ಚದೆ ಅದಕ್ಕಿಂತ ಮೇಲೇ ನಿಂತುಬಿಡುತ್ತೆ, ಏನು ಹೇಳೋಣ.

ಬಿಟ್ಟಿದ್ದ ರೋಟಂಡಮ್: ಇದರಲ್ಲಿ ಕಡ್ಡಿ ಕೆಳಗಿಳಿಯಲ್ಲ, ಮುಂದಕ್ಕೆ ಹೋಗುತ್ತೆ. ತಳದಿಂದ ನೋಡಿ ರೋಟಂಡಮ್ ತೋರಿಸು ಅಂದರೆ, ಕಾಣಲ್ಲ ಸರ್ ಅನ್ನೋದೇ ಉತ್ತರ. ಇನ್ನೊಂದು ಬಲೆ ಬುರುಡೆ ತಳದ ಲ್ಯಾಸರಮ್ ರಂಧ್ರ. ಒಣ ಬುರುಡೆಯಲ್ಲಿ ದೊಡ್ಡ ತೂತು, ಜೀವಂತ ಮನುಷ್ಯನಲ್ಲಿ ಅದರ ಕೆಳಭಾಗಕ್ಕೆ ಕಾರ್ಟಿಲೇಜ್ (ಮೆದು ಮೂಳೆ) ತುಂಬಿರುತ್ತೆ. ಮಿದುಳಿಗೆ ರಕ್ತ ಒಯ್ಯುವ ಇಂಟರ್ನಲ್ ಕೆರಾಟಿಡ್ ಅಪಧಮನಿ ಅದರ ಮೇಲೆ ಹಾಯುತ್ತೆ, ಕೆಳಗಿನಿಂದ ಮೇಲಕ್ಕೆ ತೂರಿ ಬರಲ್ಲ. ಮುಖದ ಮೂಳೆಗಳನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಡೆಂಟಲ್‌ನವರು ಮೇಲ್ದವಡೆ, ಕೆಳದವಡೆ ಮಾತ್ರ ಬಿಡಿಬಿಡಿಯಾಗಿ ಓದಲೇಬೇಕು.

ಪ್ಲಾಸ್ಟಿಕ್ ಸ್ಕಲ್ ರೂಮಿಗೆ ಸಾಕು, ನಿಜವಾದದ್ದಕ್ಕೆ ಡಿಪಾರ್ಟ್‌ಮೆಂಟಿಗೆ ಹೋಗಿ. ಒಳಗೋಡೆಯ ಗೀರು, ತೆಳು ಮೂಳೆ ನೋಡಿ ತಿಳಿಯೋದು ಅಲ್ಲೇ. ಅಲ್ಲಿ ಎತ್ತುವಾಗ ಕಣ್ಣಿನ ಗೂಡಿಗೆ ಬೆರಳು ಹಾಕಬೇಡಿ. ಗೂಡಿನ ಒಳಗೋಡೆಯ ಲ್ಯಾಕ್ರಿಮಲ್ ಮೂಳೆ ಕಾಗದದಷ್ಟು ತೆಳು, ಹಳೇ ಬುರುಡೆಗಳಲ್ಲಿ ಬಹುತೇಕ ಒಡೆದೇ ಹೋಗಿರುತ್ತೆ. ಸೀನಿಯರ್‌ಗಳ ಬೋನ್ ಸೆಟ್ ಸಿಕ್ಕರೆ ಸ್ಟೈಲಾಯ್ಡ್ (ಟೆಂಪೊರಲ್ ಮೂಳೆಯ ಕೆಳಗಿನ ಸೂಜಿಯಂಥ ಚಾಚು) ಉಳಿದಿದೆಯಾ ನೋಡ್ಕೊಳ್ಳಿ. ಹೊಸ ಪ್ಲಾಸ್ಟಿಕ್ ಕೊಳ್ಳೋದಾದರೆ ಅಂಗಡಿಗೆ ಪೊರಕೆಕಡ್ಡಿ ತಗೊಂಡು ಹೋಗಿ. ಅಗ್ಗದವುಗಳಲ್ಲಿ ಸ್ಪೈನೋಸಮ್ ಬರೀ ಗುಳಿಯಾಗಿರುತ್ತೆ, ಆಚೆ ಬದಿಗೆ ತೂತೇ ಇರಲ್ಲ. ಕಡ್ಡಿ ಹಾಯ್ದರೆ ಮಾತ್ರ ದುಡ್ಡು ಕೊಡಿ.