ಪತ್ನಿಯ ಹೆಸರು ಡಿಸ್ಚಾರ್ಜ್ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು: ಮಾಜಿ ಸೈನಿಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಭೂಸೇನೆಯ ಆರ್ಟಿಲರಿಯಲ್ಲಿ 22 ವರ್ಷ ಸೇವೆ ಸಲ್ಲಿಸಿ 1991ರಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. 1979ರಲ್ಲಿ ರಜೆಯ ಮೇಲೆ ಊರಿಗೆ ಬಂದು ಮದುವೆಯಾಗಿ ಹಿಂದಿರುಗಿದಾಗ, ಯೂನಿಟ್ಟಿನ ಗುಮಾಸ್ತರು ಬೊಳ್ಳಮ್ಮ ಎಂಬ ನನ್ನ ಪತ್ನಿಯ ಹೆಸರನ್ನು ‘ಬೋಲಮ್ಮ’ ಎಂದು, ಅದೂ ತವರಿನ ಒಕ್ಕದ (ಮನೆತನದ) ಹೆಸರಿನೊಂದಿಗೆ ಬರೆದುಕೊಂಡರು. ಹುಟ್ಟಿದ ವರ್ಷವನ್ನು 1961 ಎಂದು ನಮೂದಿಸಿದರು. ಅವಳು ಹುಟ್ಟಿದ್ದು 1956ರಲ್ಲಿ. ಶಾಲೆಯ ಟಿಸಿ ಈಗಲೂ ಇದೆ. ಆಧಾರ್‌ನಲ್ಲಿ ಸರಿಯಾದ ಹೆಸರು, ನಮ್ಮ ಒಕ್ಕದ ಇನಿಷಿಯಲ್ ಮತ್ತು 1956 ಇವೆ. ನೋಟರಿಯಿಂದ ಒಂದು ಅಫಿಡವಿಟ್ ಮಾಡಿಸಿ ಮನೆಯಲ್ಲಿಟ್ಟುಕೊಂಡರೆ ಸಾಕು ಎಂದು ಕೆಲವರು ಹೇಳುತ್ತಾರೆ. ಹಣ ಕೊಟ್ಟರೆ ಎಲ್ಲವನ್ನೂ ಸರಿಪಡಿಸಿಕೊಡುತ್ತೇನೆ ಎಂದು ಇನ್ನೊಬ್ಬರು ಬಂದಿದ್ದರು. ಏನು ಮಾಡಬೇಕು?
(ಮಾಜಿ ಹವಾಲ್ದಾರ್, ಪೊನ್ನಂಪೇಟೆ ತಾಲ್ಲೂಕು)

ಉತ್ತರ: ಅಫಿಡವಿಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿರಬೇಡಿ. ತಾವು ಬದುಕಿರುವಾಗ ತಮ್ಮದೊಂದು ಸಹಿಯಿಂದ ಆಗುವ ಈ ಕೆಲಸವನ್ನು, ತಮ್ಮ ನಂತರ ಆ ತಾಯಿಯೊಬ್ಬರೇ ‘ಬೋಲಮ್ಮ ನಾನೇ’ ಎಂದು ಕಚೇರಿಯಿಂದ ಕಚೇರಿಗೆ ಸಾಬೀತುಪಡಿಸುತ್ತಾ ಮಾಡಬೇಕಾಗುತ್ತದೆ. ಆ ಅವಧಿಯಲ್ಲಿ ಕುಟುಂಬ ಪಿಂಚಣಿಯೂ ತಡೆಯಬಹುದು.

ಇಂಥ ತಪ್ಪು ಕೊಡಗಿನವರ ಕಾಗದಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದೆ. ನಮ್ಮಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ವ್ಯಕ್ತಿಯ ಹೆಸರು ಬರುತ್ತವೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಮೊದಲಲ್ಲಿರುವ ‘ಕೆ’ ಮತ್ತು ಜನರಲ್ ತಿಮ್ಮಯ್ಯನವರ ಹೆಸರಿನ ಮೊದಲಲ್ಲಿರುವ ‘ಕೆ’ ಎರಡೂ ಕೊಡಂದೇರ ಎಂಬ ಒಂದೇ ಒಕ್ಕದವು ಎಂಬುದು ನಮಗೆ ಗೊತ್ತು. ಉತ್ತರ ಭಾರತದ ಗುಮಾಸ್ತನಿಗೆ ಅದು ಬರಿಯ ಒಂದು ಅಕ್ಷರ. ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಮದುವೆಯೊಂದಿಗೆ ಒಕ್ಕವೂ ಬದಲಾಗಿ, ತವರಿನ ಇನಿಷಿಯಲ್ ಇರುವ ಶಾಲೆಯ ಕಾಗದಕ್ಕೂ ಗಂಡನ ಮನೆಯ ಇನಿಷಿಯಲ್ ಇರುವ ಆಧಾರ್‌ಗೂ ಹೊಂದಾಣಿಕೆ ತಪ್ಪುತ್ತದೆ. ಮನೆ ಹೆಸರಿನ ಪದ್ಧತಿ ಇರುವ ಅರೆಭಾಷೆ ಗೌಡರ ಕುಟುಂಬಗಳಿಂದಲೂ ಇಂಥ ಪತ್ರಗಳು ಬರುತ್ತವೆ. ಇದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಳ’ಕಾರವಿಲ್ಲ. ಕಾರ್ಯಪ್ಪ ‘ಕಾರಿಯಪ್ಪ’ ಆದ ದಾರಿಯಲ್ಲೇ ತಮ್ಮ ಬೊಳ್ಳಮ್ಮನವರು ಬೋಲಮ್ಮ ಆಗಿದ್ದಾರೆ.

ಮೊದಲು ತಪ್ಪು ಯಾವ ಹಂತದಲ್ಲಿ ಆಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಿ. ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಕುಟುಂಬದ ಪುಟ, ಮೂಲ ಪಿಪಿಒ (ಪಿಂಚಣಿ ಪಾವತಿ ಆದೇಶ), ಮತ್ತು ಈಗ ರಕ್ಷಣಾ ಪಿಂಚಣಿಯ ಸ್ಪರ್ಶ್ ಜಾಲತಾಣದಲ್ಲಿ ಕಾಣುವ ವಿವರ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ಯಾಂಕುಗಳಲ್ಲಿದ್ದ ಪಿಂಚಣಿ ಖಾತೆಗಳು ಸ್ಪರ್ಶ್‌ಗೆ ವರ್ಗವಾದಾಗ ಎಷ್ಟೋ ಹೆಸರುಗಳು ಅಲ್ಲೇ ಕೆಟ್ಟಿವೆ. ಮೊದಲಿನ ಎರಡು ಕಾಗದಗಳು ಸರಿಯಾಗಿದ್ದು ಮೂರನೆಯದು ಮಾತ್ರ ತಪ್ಪಾಗಿದ್ದರೆ ಅಫಿಡವಿಟ್ಟೂ ಬೇಡ, ಪತ್ರಿಕಾ ಪ್ರಕಟಣೆಯೂ ಬೇಡ. ಪಿಪಿಒ ಪ್ರತಿಯನ್ನು ಲಗತ್ತಿಸಿ ಸ್ಪರ್ಶ್‌ನಲ್ಲೇ ತಿದ್ದುಪಡಿಯ ಕೋರಿಕೆ ಸಲ್ಲಿಸಿದರೆ ಸಾಕಾಗುತ್ತದೆ. ತಮ್ಮ ಪತ್ರದ ಪ್ರಕಾರ ತಪ್ಪು 1979ರ ಮೂಲದಲ್ಲೇ ಇದೆ. ಆದ್ದರಿಂದ ಬ್ಯಾಂಕಿನಲ್ಲಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ, ಕ್ಯಾಂಟೀನ್ ಕಾರ್ಡಿನಲ್ಲಿ ಎಷ್ಟು ತಿದ್ದಿಸಿದರೂ ಉಪಯೋಗವಿಲ್ಲ. ತಿದ್ದುವ ಅಧಿಕಾರವಿರುವುದು ತಮ್ಮ ದಳದ ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ.

ಸೈನಿಕನ ಮದುವೆ, ಮಕ್ಕಳ ಜನನ, ಹೆಸರಿನ ಬದಲಾವಣೆ ಎಲ್ಲವೂ ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟವಾಗಿ ದಾಖಲೆಯಾಗುತ್ತವೆ. ಸೇನೆಯ ಭಾಷೆಯಲ್ಲಿ ಇಂಥ ಪ್ರತಿಯೊಂದು ಸಂಗತಿಗೂ ‘ಕ್ಯಾಶುಯಲ್ಟಿ’ ಎಂದೇ ಹೆಸರು, ಮದುವೆಗೂ ಸೇರಿ! ಆದೇಶದಿಂದ ಒಳಗೆ ಬಂದ ತಪ್ಪು ಇನ್ನೊಂದು ಆದೇಶದಿಂದಲೇ ಹೊರಗೆ ಹೋಗಬೇಕು. ಆರ್ಟಿಲರಿಯ ರೆಕಾರ್ಡ್ಸ್ ಇರುವುದು ನಾಸಿಕ್ ರೋಡ್‌ನಲ್ಲಿ. ಬೇರೆ ದಳಗಳ ಓದುಗರಿಗಾಗಿ ಹೇಳುವುದಾದರೆ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿ, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದ್ದು ಸಿಕಂದರಾಬಾದಿನಲ್ಲಿದೆ.

ಅರ್ಜಿಯಲ್ಲಿ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಪಿಪಿಒ ಸಂಖ್ಯೆ ಬರೆದು, ಈಗ ಇರುವ ನಮೂದು ಯಾವುದು, ಇರಬೇಕಾದ ನಮೂದು ಯಾವುದು ಎಂಬುದನ್ನು ಎರಡು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿ. ತಮ್ಮ ಸೇವೆಯ ಕಥೆಯನ್ನೆಲ್ಲ ಅಲ್ಲಿ ಬರೆಯಬೇಡಿ; ಓದುವ ಗುಮಾಸ್ತನಿಗೆ ಬೇಕಾದ್ದು ಆ ಎರಡು ಸಾಲು ಮಾತ್ರ. ಡಿಸ್ಚಾರ್ಜ್ ಪುಸ್ತಕ, ಪಿಪಿಒ, ಪತ್ನಿಯ ಆಧಾರ್, ಪ್ಯಾನ್ ಮತ್ತು ಶಾಲೆಯ ಟಿಸಿಯ ಪ್ರತಿಗಳನ್ನು, ಇಬ್ಬರ ಜಂಟಿ ಭಾವಚಿತ್ರವನ್ನು ಹಾಗೂ ಎರಡೂ ಹೆಸರಿನವರು ಒಬ್ಬರೇ ಎಂದು ಘೋಷಿಸುವ ಅಫಿಡವಿಟ್ಟನ್ನು ಲಗತ್ತಿಸಿ. ಹೆಸರಿನ ವ್ಯತ್ಯಾಸ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ನೋಟರಿಯ ಬದಲು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಮುಂದೆ ಮಾಡಿದ ಅಫಿಡವಿಟ್ಟನ್ನೂ ಪತ್ರಿಕೆಗಳಲ್ಲಿ ಕೊಟ್ಟ ಪ್ರಕಟಣೆಯನ್ನೂ ಕೇಳುತ್ತಾರೆ. ತಮ್ಮ ಪ್ರಕರಣದಲ್ಲಿ ಕಾಗುಣಿತ ಮತ್ತು ಒಕ್ಕದ ಹೆಸರು ಎರಡೂ ಬದಲಾಗುವುದರಿಂದ ಇದಕ್ಕೆ ಸಿದ್ಧರಾಗಿರಿ. ತವರಿನ ಒಕ್ಕ ಮತ್ತು ಗಂಡನ ಒಕ್ಕ ಎಂದರೇನೆಂಬುದನ್ನು ಅಫಿಡವಿಟ್ಟಿನಲ್ಲೇ ಒಂದು ವಾಕ್ಯದಲ್ಲಿ ವಿವರಿಸುವುದು ಒಳ್ಳೆಯದು. ನಾಸಿಕದ ಮೇಜಿನ ಮುಂದೆ ಕುಳಿತವರು ಅದನ್ನು ಊಹಿಸಿಕೊಳ್ಳಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಎಲ್ಲವನ್ನೂ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ತೋರಿಸಿ ದೃಢೀಕರಿಸಿಕೊಂಡು, ಅಲ್ಲಿಂದಲೇ ರವಾನಿಸಲು ಕೋರಿ. ಮಾಜಿ ಸೈನಿಕರ ಇಂಥ ಕೆಲಸಕ್ಕಾಗಿಯೇ ಇರುವ ಕಚೇರಿ ಅದು. ಮನೆಗೆ ಬಂದ ಆ ಮಹಾಶಯರಿಗೆ ಹಣ ಕೊಡುವ ಅಗತ್ಯವಿಲ್ಲ. ತಮ್ಮ ಬಳಿ ಒಂದು ಪೂರ್ಣ ಪ್ರತಿಯನ್ನೂ ಅಂಚೆಯ ರಸೀದಿಯನ್ನೂ ಇಟ್ಟುಕೊಳ್ಳಿ.

ಜನ್ಮವರ್ಷದ ವಿಷಯವನ್ನು ತಾವು ಹೆಸರಿನ ನಂತರ, ಅಷ್ಟೇನೂ ಮುಖ್ಯವಲ್ಲವೆಂಬಂತೆ ಬರೆದಿದ್ದೀರಿ. ಹಣದ ಲೆಕ್ಕದಲ್ಲಿ ಅದೇ ದೊಡ್ಡದು. ಕುಟುಂಬ ಪಿಂಚಣಿ ಪಡೆಯುವವರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇಕಡಾ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ ನೂರು ಹೆಚ್ಚುವರಿ ಸಿಗುತ್ತದೆ. ನಿಜವಾದ ವಯಸ್ಸಿನಂತೆ ತಮ್ಮ ಪತ್ನಿಗೆ 80 ತುಂಬುವುದು 2036ರಲ್ಲಿ, ದಾಖಲೆಯ ವಯಸ್ಸಿನಂತೆ 2041ರಲ್ಲಿ. ಏಳನೇ ವೇತನ ಆಯೋಗದ ಕನಿಷ್ಠ ಕುಟುಂಬ ಪಿಂಚಣಿಯಾದ 9,000 ರೂಪಾಯಿಯನ್ನೇ ಹಿಡಿದರೂ ಶೇಕಡಾ 20 ಎಂದರೆ ತಿಂಗಳಿಗೆ 1,800. ಐದು ವರ್ಷಕ್ಕೆ, ತುಟ್ಟಿಭತ್ಯೆ ಬಿಟ್ಟು, 1,08,000 ರೂಪಾಯಿ. ಮದುವೆಗೆ 18 ತುಂಬಿರಬೇಕೆಂಬ ನಿಯಮ 1978ರಲ್ಲಷ್ಟೇ ಬಂದಿತ್ತು. 1979ರಿಂದ 18ನ್ನು ಕಳೆದು 1961 ಎಂದು ಆ ಗುಮಾಸ್ತ ಬರೆದುಕೊಂಡನೇನೋ ಎಂದು ನನಗೆ ಅನ್ನಿಸುತ್ತದೆ.

ವಯಸ್ಸಿಗೆ ಪುರಾವೆಯಾಗಿ ಟಿಸಿಯನ್ನೇ ಮುಂದಿಡಿ, ಆಧಾರ್ ಹಿಂದಿರಲಿ. ಮೋಟಾರು ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ವಯಸ್ಸಿನ ನಿರ್ಣಯಕ್ಕೆ ಆಧಾರ್‌ಗಿಂತ ಶಾಲೆಯ ವರ್ಗಾವಣೆ ಪತ್ರವನ್ನೇ ಒಪ್ಪಿದೆ. ಟಿಸಿಯಲ್ಲಿ ತವರಿನ ಇನಿಷಿಯಲ್ ಇರುವುದು ತಮಗೆ ಅನುಕೂಲವೇ ಆಯಿತು: ಸೇನೆಯ ದಾಖಲೆಯಲ್ಲಿರುವ ತವರಿನ ಒಕ್ಕಕ್ಕೂ ಇಂದಿನ ಆಧಾರ್‌ಗೂ ನಡುವಿನ ಕೊಂಡಿ ಅದೇ.

ರೆಕಾರ್ಡ್ಸ್‌ನವರು ಒಪ್ಪಿ ಆದೇಶ ಪ್ರಕಟಿಸಿದ ಮೇಲೆ ಪಿಂಚಣಿ ಮಂಜೂರು ಮಾಡುವ ಪ್ರಯಾಗ್‌ರಾಜ್‌ನ ಕಚೇರಿಯಿಂದ ತಿದ್ದುಪಡಿ ಪಿಪಿಒ, ಅಂದರೆ ಕೊರಿಜೆಂಡಂ ಪಿಪಿಒ ಹೊರಡಬೇಕು. ಅದು ಕೈಗೆ ಬಂದ ದಿನವೇ ಕನ್ನಡಕ ಹಾಕಿಕೊಂಡು ಒಂದೊಂದು ಅಕ್ಷರವನ್ನೂ ಓದಿ. ತಿದ್ದುಪಡಿಯಲ್ಲೇ ಹೊಸ ತಪ್ಪು ನುಸುಳಿದ್ದನ್ನು ಕಂಡವನಾಗಿ ಹೇಳುತ್ತಿದ್ದೇನೆ. ಇಸಿಎಚ್‌ಎಸ್, ಕ್ಯಾಂಟೀನ್ ಮತ್ತು ಬ್ಯಾಂಕುಗಳಿಗೆ ಹೋಗುವುದು ಆಮೇಲಿನ ಕೆಲಸ.

ಪ್ರಶ್ನೆ: ನಾನು ಪಿಂಚಣಿ ಪಡೆಯುತ್ತಿರುವ ಮಾಜಿ ನಾಯಕ್. ಏಳನೇ ತರಗತಿಯ ಟಿಸಿ ತೋರಿಸಿ ಸೇನೆಗೆ ಸೇರಿದಾಗ ನನ್ನ ಜನನ 1954 ಎಂದು ಬರೆದರು. ಆಧಾರ್ ಮಾಡಿಸುವಾಗ ಅಂದಾಜಿಗೆ ಹೇಳಿದ್ದರಿಂದ 1957ರ ಜನವರಿ 1 ಎಂದಾಗಿದೆ. ಎರಡೂ ಹೊಂದುತ್ತಿಲ್ಲವಾದ್ದರಿಂದ ಸೇನೆಯ ದಾಖಲೆಯನ್ನು ಆಧಾರ್‌ನಂತೆ ತಿದ್ದಿಸಬಹುದೇ?
(ಸೋಮವಾರಪೇಟೆ ತಾಲ್ಲೂಕು)

ಉತ್ತರ: ಸರಿಯಾಗಿರುವ ದಾಖಲೆಯನ್ನು ತಪ್ಪಾಗಿರುವ ದಾಖಲೆಯಂತೆ ತಿದ್ದಿಸಲು ಹೊರಟಿದ್ದೀರಿ. ಭರ್ತಿಯಾಗುವಾಗ ಬರೆದ ಸೈನಿಕನ ಸ್ವಂತ ಜನ್ಮದಿನಾಂಕವನ್ನು, ಬರವಣಿಗೆಯ ಕೈತಪ್ಪು ಎಂದು ತೋರಿಸಲಾಗದಿದ್ದರೆ, ನಿವೃತ್ತಿಯ ನಂತರ ಬದಲಿಸುವುದಿಲ್ಲ. ಕೇಂದ್ರ ಸರ್ಕಾರದ ನಾಗರಿಕ ನೌಕರರ ವಿಷಯದಲ್ಲೂ ಸೇವೆಗೆ ಸೇರಿದ ಐದು ವರ್ಷದೊಳಗೆ ಕೇಳದವರ ಕೋರಿಕೆಯನ್ನು ಸುಪ್ರೀಂ ಕೋರ್ಟ್ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ತಳ್ಳಿಹಾಕಿದೆ. ಒಂದು ವೇಳೆ ಬದಲಿಸಿದರೂ ನಷ್ಟ ತಮಗೇ, ಏಕೆಂದರೆ 80ರ ಹೆಚ್ಚುವರಿ ಪಿಂಚಣಿ ಮೂರು ವರ್ಷ ತಡವಾಗುತ್ತದೆ. ಆಧಾರ್ ಕೇಂದ್ರಕ್ಕೆ ಜನ್ಮದಿನಾಂಕದ ಪುರಾವೆಯೊಂದಿಗೆ ಹೋಗಿ ಅಲ್ಲಿನದನ್ನೇ ತಿದ್ದಿಸಿ. ಆಧಾರ್‌ನಲ್ಲಿ ಜನ್ಮದಿನಾಂಕದ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಬಾರಿ ಅವಕಾಶವಿರುವುದರಿಂದ, ದಿನ ಮತ್ತು ತಿಂಗಳು ಪಿಪಿಒದಲ್ಲಿರುವಂತೆಯೇ ಬಂದಿವೆಯೇ ಎಂದು ಪರದೆಯ ಮೇಲೆ ನೋಡಿಯೇ ಒಪ್ಪಿಗೆ ಕೊಡಿ.

ಪ್ರಶ್ನೆ: ನನ್ನ ತಂದೆ 1965ರ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದು, ಪಿಂಚಣಿಗೆ ಬೇಕಾದಷ್ಟು ಸೇವೆಯಾಗುವ ಮೊದಲೇ ಊರಿಗೆ ಬಂದವರು. ಈಗ ಇಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಯೊಂದಿಗೆ ಅವರ ಡಿಸ್ಚಾರ್ಜ್ ಪುಸ್ತಕವೂ ಹೋಯಿತು. ಉಳಿದಿರುವುದು ಎರಡು ಪದಕ ಮಾತ್ರ. ಆರ್ಮಿ ನಂಬರ್ ನಮಗೆ ತಿಳಿಯದು. ತಾಯಿಗೆ ಏನಾದರೂ ಸಹಾಯ ದೊರೆಯಬಹುದೇ?
(ಮಡಿಕೇರಿ ತಾಲ್ಲೂಕು)

ಉತ್ತರ: ಪದಕಗಳನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿ. ನಮ್ಮ ಯುದ್ಧ ಪದಕಗಳ ಅಂಚಿನ ಸುತ್ತ ಸೈನಿಕನ ನಂಬರ್, ರ‍್ಯಾಂಕ್, ಹೆಸರು ಮತ್ತು ದಳವನ್ನು ಕೊರೆದಿರುತ್ತಾರೆ. ಸವೆದಿದ್ದರೆ ಭೂತಗನ್ನಡಿ ಹಿಡಿಯಿರಿ. ಒರಟಾಗಿ ಉಜ್ಜಿ ಹೊಳಪು ಮಾಡಲು ಮಾತ್ರ ಹೋಗಬೇಡಿ, ಅಕ್ಷರಗಳೇ ಹೋದಾವು. ತಂದೆಯವರು ಮಾಜಿ ಸೈನಿಕರೆಂದು ನೋಂದಾಯಿಸಿಕೊಂಡಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ವಹಿಯಲ್ಲೂ ಅವರ ವಿವರ ಇರಬೇಕು.

ನಂಬರ್ ಸಿಕ್ಕ ಮೇಲೆ ಪುಸ್ತಕ ಕಳೆದುಹೋದ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದು, ಅಫಿಡವಿಟ್, ತಂದೆಯವರ ಮರಣ ಪ್ರಮಾಣಪತ್ರ ಮತ್ತು ತಾಯಿಯವರ ಗುರುತಿನ ದಾಖಲೆಗಳೊಂದಿಗೆ ಸಂಬಂಧಪಟ್ಟ ರೆಕಾರ್ಡ್ ಆಫೀಸಿಗೆ ಅರ್ಜಿ ಸಲ್ಲಿಸಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪಿಂಚಣಿಯಿಲ್ಲದೆ ಬಂದವರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನಾ ನಿಯಮವೇ ಅವಕಾಶ ಕೊಡುತ್ತದೆ. ‘ದಾಖಲೆ ನಾಶವಾಗಿದೆ’ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡದೆ, ‘ಲಾಂಗ್ ರೋಲ್’ ಎಂಬ ವಹಿಯಲ್ಲಿರುವ ನಮೂದಿನ ದೃಢೀಕೃತ ಪ್ರತಿಯನ್ನು ಕೊಡಿ ಎಂದು ಆ ಹೆಸರನ್ನೇ ಬರೆದು ಮತ್ತೆ ಕೇಳಿ. ಆ ವಹಿಯನ್ನು ನಾಶಪಡಿಸುವುದಿಲ್ಲ. ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ತಾಯಿಯವರ ಹೆಸರಿನಲ್ಲೇ ಅರ್ಜಿ ಹಾಕಿ. 30 ದಿನದೊಳಗೆ ಉತ್ತರಿಸುವುದು ಅವರ ಕರ್ತವ್ಯ.

ಸೇವೆ ಮತ್ತು ಬಿಡುಗಡೆಯ ಕಾರಣ ಕಾಗದದ ಮೇಲೆ ಬಂದ ನಂತರ, ಹವಾಲ್ದಾರ್ ದರ್ಜೆಯವರೆಗಿನ ಪಿಂಚಣಿರಹಿತ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ 65 ದಾಟಿದ ಮೇಲೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಮಾಸಿಕ ನೆರವಿಗೆ ತಾಯಿಯವರು ಅರ್ಜಿ ಹಾಕಬಹುದು. ಅದೂ ಮಡಿಕೇರಿಯ ಅದೇ ಕಚೇರಿಯ ಮೂಲಕವೇ ಹೋಗಬೇಕಾದ್ದರಿಂದ, ಮೊದಲ ಸಲ ಹೋಗುವಾಗಲೇ ಎರಡೂ ವಿಷಯವನ್ನು ಅಲ್ಲಿ ಪ್ರಸ್ತಾಪಿಸಿ. ಪದಕಗಳನ್ನು ಅಂಚೆಯಲ್ಲಿ ಎಲ್ಲಿಗೂ ಕಳುಹಿಸಬೇಡಿ. ಅಂಚಿನ ಬರಹದ ಒಂದು ಸ್ಪಷ್ಟ ಛಾಯಾಚಿತ್ರ ಸಾಕು.