ವಯಸ್ಕರ ಬೆಳವಣಿಗೆ ಹಾರ್ಮೋನಿನ ಕೊರತೆಗೆ ದಿನಕ್ಕೊಂದು ಚುಚ್ಚುಮದ್ದು ಒಳ್ಳೆಯದೋ, ವಾರಕ್ಕೊಂದೋ?

41ನೆಯ ವಯಸ್ಸಿನಲ್ಲಿ ಪಿಟ್ಯುಟರಿಯ (ಮೆದುಳಿನ ಬುಡದಲ್ಲಿರುವ, ಬೆಳವಣಿಗೆ ಹಾರ್ಮೋನು ತಯಾರಿಸುವ ಗ್ರಂಥಿ) ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ, ಈಗ ಬೆಳವಣಿಗೆ ಹಾರ್ಮೋನಿನ ಕೊರತೆ ಖಚಿತವಾಗಿದೆಯೆಂದೂ, ಅಮೆರಿಕದ ನಿಮ್ಮ ವೈದ್ಯರು ದಿನಕ್ಕೊಮ್ಮೆಯ ಮತ್ತು ವಾರಕ್ಕೊಮ್ಮೆಯ ಚುಚ್ಚುಮದ್ದುಗಳ ಹೆಸರು ಕೊಟ್ಟು ಯೋಚಿಸಿ ಬರಲು ಹೇಳಿದ್ದಾರೆಂದೂ ಬರೆದು, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ಇದೇ ಕೊರತೆಯಿಟ್ಟುಕೊಂಡು ನ್ಯೂಜೆರ್ಸಿಯಲ್ಲಿ ಸಂಸಾರ ನಡೆಸುತ್ತಿರುವವಳು. ನಾಲ್ಕು ವರ್ಷ ದಿನದ ಔಷಧವನ್ನೂ ಅನಂತರ ವಾರದ ಔಷಧವನ್ನೂ ತೆಗೆದುಕೊಂಡಿದ್ದೇನೆ.

ನನ್ನದು ಶೀಹಾನ್ ಸಿಂಡ್ರೋಮ್. ಎರಡನೆಯ ಹೆರಿಗೆ ದಾವಣಗೆರೆಯಲ್ಲಿ ಆಯಿತು. ಆಗ ವಿಪರೀತ ರಕ್ತಸ್ರಾವವಾಗಿ, ರಕ್ತ ಸಾಲದೆ ಪಿಟ್ಯುಟರಿ ಗ್ರಂಥಿ ಬಹುಪಾಲು ಸತ್ತುಹೋಗಿತ್ತು. ಎದೆಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ. ಬಾಣಂತನದ ನಿಶ್ಶಕ್ತಿ, ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು. ರೋಗಕ್ಕೆ ಹೆಸರು ಸಿಗಲು ಒಂಬತ್ತು ವರ್ಷ ಹಿಡಿಯಿತು. ಓದುತ್ತಿರುವ ಬೇರೆಯವರಿಗಾಗಿ ಇಷ್ಟು ಸೇರಿಸುತ್ತೇನೆ: ಹೆರಿಗೆಯ ರಕ್ತಸ್ರಾವದಂತೆಯೇ ಕೊಳಕುಮಂಡಲ ಹಾವಿನ ಕಡಿತವೂ ಪಿಟ್ಯುಟರಿಯನ್ನು ಹಾಳುಮಾಡಬಲ್ಲದು, ಕೆಲವೊಮ್ಮೆ ಅದು ತಿಳಿಯುವುದು ವರ್ಷಗಳ ಮೇಲೆ. ಇಂಥ ಚರಿತ್ರೆಯಿದ್ದು ಸುಸ್ತು ಬಿಡದವರು ಹಾರ್ಮೋನು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಔಷಧ ಆರಿಸುವ ಮೊದಲು ನಿಮ್ಮ ಕಾರ್ಟಿಸೋಲ್ (ಅಡ್ರಿನಲ್ ಗ್ರಂಥಿಯ, ದೇಹ ಒತ್ತಡ ತಾಳಲು ಬೇಕಾದ ಹಾರ್ಮೋನು) ಮತ್ತು ಥೈರಾಯಿಡ್ ಹಾರ್ಮೋನು ಸರಿಯಾದ ಮಟ್ಟದಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಬೆಳವಣಿಗೆ ಹಾರ್ಮೋನು ಶುರುವಾದಾಗ ದೇಹಕ್ಕೆ ದಕ್ಕುವ ಕಾರ್ಟಿಸೋಲ್ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮರೆಯಲ್ಲಿದ್ದ ಅಡ್ರಿನಲ್ ಕೊರತೆ ಆಗ ಹೊರಬೀಳಬಹುದು, ಅದು ಪ್ರಾಣಕ್ಕೆ ಅಪಾಯ. ಈ ಎರಡು ಹಾರ್ಮೋನುಗಳ ಬದಲಿಗೆ ತೆಗೆದುಕೊಳ್ಳುವ ಹೈಡ್ರೋಕಾರ್ಟಿಸೋನ್ ಅಥವಾ ಥೈರಾಕ್ಸಿನ್ ಮಾತ್ರೆಯ ಪ್ರಮಾಣವನ್ನು ಏರಿಸಬೇಕಾಗಿ ಬರುವುದೂ ಉಂಟು. ಯಾವ ಕಂಪನಿಯ ಪೆನ್ (ಪೆನ್ನಿನಾಕಾರದ ಚುಚ್ಚುಮದ್ದಿನ ಸಾಧನ) ಎಂಬ ಚರ್ಚೆಗಿಂತ ಇದು ನೂರು ಪಾಲು ಮುಖ್ಯವೆಂದು ನನ್ನ ಅಭಿಪ್ರಾಯ.

ದಿನಕ್ಕೊಮ್ಮೆಯ ಔಷಧಗಳ ವಿಷಯ ಸರಳ. ನಾರ್ಡಿಟ್ರೋಪಿನ್, ಜೆನೊಟ್ರೋಪಿನ್, ಹ್ಯೂಮಟ್ರೋಪ್, ಆಮ್ನಿಟ್ರೋಪ್, ಇವೆಲ್ಲದರೊಳಗೆ ಇರುವುದು ಒಂದೇ ಸೋಮಾಟ್ರೋಪಿನ್, ನಮ್ಮ ಗ್ರಂಥಿಯೇ ತಯಾರಿಸುತ್ತಿದ್ದ 191 ಅಮೈನೊ ಆಮ್ಲಗಳ ಅದೇ ಪ್ರೋಟೀನು. ವ್ಯತ್ಯಾಸವಿರುವುದು ಪೆನ್ನಿನಲ್ಲಿ: ಕೆಲವು ದ್ರವರೂಪದಲ್ಲೇ ಬರುತ್ತವೆ, ಕೆಲವನ್ನು ಪುಡಿ ಮತ್ತು ದ್ರವ ಬೆರೆಸಿ ಸಿದ್ಧಪಡಿಸಿಕೊಳ್ಳಬೇಕು, ಪೆನ್ನಿನ ಗುಂಡಿ ಎಷ್ಟು ಸಣ್ಣ ಅಳತೆಯಲ್ಲಿ ತಿರುಗುತ್ತದೆ ಎಂಬುದೂ ಬೇರೆಬೇರೆ. ಆದ್ದರಿಂದ ಇವುಗಳಲ್ಲಿ ಯಾವುದು ಉತ್ತಮ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ಇನ್ಶೂರೆನ್ಸ್ ಯಾವುದಕ್ಕೆ ಒಪ್ಪಿಗೆ ಕೊಡುತ್ತದೋ ಬಹುಮಟ್ಟಿಗೆ ಅದೇ ನಿಮ್ಮ ಔಷಧವಾಗುತ್ತದೆ.

ಮಕ್ಕಳಿಗೆ ತೂಕ ನೋಡಿ ಪ್ರಮಾಣ ಲೆಕ್ಕಹಾಕುತ್ತಾರೆ. ವಯಸ್ಕರಿಗೆ ಹಾಗಲ್ಲ, 30ರಿಂದ 60 ವರ್ಷದವರಿಗೆ ಸಾಮಾನ್ಯವಾಗಿ ದಿನಕ್ಕೆ 0.2 ಅಥವಾ 0.3 ಮಿಲಿಗ್ರಾಂನಿಂದ ಆರಂಭಿಸಿ, ಒಂದೆರಡು ತಿಂಗಳಿಗೊಮ್ಮೆ ರಕ್ತದಲ್ಲಿನ ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಪ್ರಭಾವದಿಂದ ಯಕೃತ್ತು ತಯಾರಿಸುವ ವಸ್ತು) ಮಟ್ಟ ನೋಡಿ, 0.1 ಅಥವಾ 0.2 ಮಿಲಿಗ್ರಾಂನಷ್ಟು ಏರಿಸುತ್ತಾ ಹೋಗುತ್ತಾರೆ. ನಾನು 0.4ಕ್ಕೆ ನೆಮ್ಮದಿಯಾಗಿದ್ದೆ. ಆಮೇಲೆ ಈಸ್ಟ್ರೋಜನ್ ಮಾತ್ರೆ ನಿಲ್ಲಿಸಿ ಚರ್ಮಕ್ಕೆ ಅಂಟಿಸುವ ಪಟ್ಟಿಗೆ ಬದಲಾದೆ. ತಿಂಗಳೊಳಗೆ ಉಂಗುರ ಬೆರಳಿನಿಂದ ಹೊರಬರದಷ್ಟು ಊತ, ರಾತ್ರಿ ಅಂಗೈ ಜೋಮು. ಬಾಯಿಯ ಮೂಲಕ ತೆಗೆದುಕೊಳ್ಳುವ ಈಸ್ಟ್ರೋಜನ್ ಯಕೃತ್ತಿನಲ್ಲಿ ಈ ಹಾರ್ಮೋನಿನ ಕೆಲಸವನ್ನು ತಗ್ಗಿಸುತ್ತದೆ. ಮಾತ್ರೆ ನಿಂತ ಮೇಲೆ ಅದೇ 0.4 ನನಗೆ ಹೆಚ್ಚಾಗಿತ್ತು. ವೈದ್ಯೆ 0.3ಕ್ಕೆ ಇಳಿಸಿದರು, ಕೆಲವೇ ದಿನಗಳಲ್ಲಿ ಊತ ಇಳಿಯಿತು. ನೀವು ಗಂಡಸರು, ಈಸ್ಟ್ರೋಜನ್ನಿನ ಮಾತು ನಿಮಗೆ ಅನ್ವಯಿಸದು. ಆದರೆ ಪ್ರಮಾಣ ತಪ್ಪಿದರೆ ಬೇಗ ತಿದ್ದಿಕೊಳ್ಳಬಹುದೆಂಬುದು ದಿನದ ಔಷಧದ ದೊಡ್ಡ ಗುಣವೆಂದು ನಾನು ಕಂಡುಕೊಂಡದ್ದು ಆಗಲೇ.

ವಾರಕ್ಕೊಮ್ಮೆಯ ಔಷಧಗಳಲ್ಲಿ ವಯಸ್ಕರಿಗೆ ಅಮೆರಿಕದಲ್ಲಿ ಮೊದಲು ಅನುಮತಿ ದೊರೆತದ್ದು 2020ರಲ್ಲಿ, ಸೊಗ್ರೋಯಾಗೆ (ಒಳಗಿನ ಔಷಧದ ಹೆಸರು ಸೊಮಾಪಾಸಿಟಾನ್). ಇದರ ಅಣು ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಸ್ಕೈಟ್ರೋಫಾ 2021ರಲ್ಲಿ ಮಕ್ಕಳಿಗೆಂದು ಬಂದು, ವಯಸ್ಕರಿಗೆ 2025ರಲ್ಲಿ ಅನುಮತಿ ಪಡೆಯಿತು. ಅದು ಕಟ್ಟಿಹಾಕಿದ ಸೋಮಾಟ್ರೋಪಿನ್ ಅನ್ನು ವಾರವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುತ್ತದೆ. 2023ರ ಎನ್‌ಜೆನ್ಲಾ ಮಕ್ಕಳಿಗೆಂದು ಬಂದದ್ದು.

ನಾನು ಬಳಸಿರುವುದು ಸೊಗ್ರೋಯಾ. ಆರಂಭದ ಪ್ರಮಾಣ ಸಾಮಾನ್ಯವಾಗಿ ವಾರಕ್ಕೆ 1.5 ಮಿಲಿಗ್ರಾಂ, ಗರಿಷ್ಠ 8. ಅನುಮತಿಗೆ ಆಧಾರವಾದ 34 ವಾರಗಳ ಪರೀಕ್ಷೆಯಲ್ಲಿ ಮೈಯ ನಡುಭಾಗದ ಕೊಬ್ಬಿನ ಶೇಕಡಾ ಪ್ರಮಾಣ ಸೊಗ್ರೋಯಾ ಪಡೆದವರಲ್ಲಿ 1.06ರಷ್ಟು ಇಳಿಯಿತು, ಹುಸಿ ಔಷಧ ಪಡೆದವರಲ್ಲಿ 0.47ರಷ್ಟು ಏರಿತು, ದಿನದ ನಾರ್ಡಿಟ್ರೋಪಿನ್ ಪಡೆದವರಲ್ಲಿ 2.23ರಷ್ಟು ಇಳಿಯಿತು. ವಾರದ ಔಷಧ ಕೆಲಸ ಮಾಡುವುದು ನಿಜ. ಹೊಸದಾದ್ದರಿಂದ ಹೆಚ್ಚು ಶಕ್ತಿಯುತವೆಂದು ಭಾವಿಸಲು ಮಾತ್ರ ಈ ಅಂಕಿಗಳು ಅವಕಾಶ ಕೊಡುವುದಿಲ್ಲ.

ಇನ್ನೊಂದು ವಿಷಯವನ್ನು ದಯವಿಟ್ಟು ನೆನಪಿಡಿ. ವಾರದ ಔಷಧದಲ್ಲಿ ಐಜಿಎಫ್-1 ಏರಿ ಇಳಿಯುತ್ತದೆ. ಸೊಗ್ರೋಯಾ ತೆಗೆದುಕೊಂಡು ಮೂರು ನಾಲ್ಕು ದಿನಗಳ ನಂತರ ರಕ್ತ ಕೊಡಬೇಕು. ನಾನು ಒಮ್ಮೆ ಚುಚ್ಚುಮದ್ದಿನ ಮರುದಿನವೇ ರಕ್ತ ಕೊಟ್ಟು, ಮಟ್ಟ ಅತಿಯಾಗಿದೆಯೆಂಬ ವರದಿ ನೋಡಿ ಗಾಬರಿಯಾಗಿದ್ದೆ. ಡೋಸು ಮರೆತರೆ ಮೂರು ದಿನಗಳೊಳಗೆ ತೆಗೆದುಕೊಳ್ಳಬಹುದು, ಮೀರಿದರೆ ಮುಂದಿನ ವಾರಕ್ಕೆ ಕಾಯಬೇಕು.

ನಾರ್ಡಿಟ್ರೋಪಿನ್, ಸೊಗ್ರೋಯಾ ಪೆನ್ನುಗಳನ್ನು ತೆರೆಯುವ ಮೊದಲು 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಊರಿಗೆ ಹೋಗುವಾಗ ಪೆನ್ನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ತೆರೆದ ನಾರ್ಡಿಟ್ರೋಪಿನ್ 25 ಡಿಗ್ರಿಯವರೆಗೆ ಮೂರು ವಾರ ಹೊರಗಿರಬಲ್ಲದು ನಿಜ, ಆದರೆ ದಾವಣಗೆರೆಯ ಏಪ್ರಿಲ್ 25 ಡಿಗ್ರಿಯಲ್ಲಿ ನಿಲ್ಲುವುದಿಲ್ಲ, ಕರೆಂಟೂ ಹೋಗುತ್ತದೆ. ಹತ್ತು ದಿನದ ಭೇಟಿಗೆ ಒಂದೇ ಡೋಸು ಸಾಕಾಗುವುದು ನನ್ನ ಮಟ್ಟಿಗೆ ವಾರದ ಔಷಧದ ನಿಜವಾದ ಲಾಭ.

ಸಕ್ರಿಯ ಕ್ಯಾನ್ಸರ್ ಇರುವವರಿಗೆ, ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ತೀವ್ರವಾಗಿ ಹಾಳಾದವರಿಗೆ ಈ ಹಾರ್ಮೋನು ಕೊಡುವಂತಿಲ್ಲ. ಸಕ್ಕರೆ ಮಟ್ಟವೂ ಏರಬಹುದು. ನಿಮಗೆ ಗಡ್ಡೆ ಇದ್ದುದರಿಂದ ಆರಂಭಕ್ಕೆ ಮೊದಲೊಂದು ಎಂಆರ್‌ಐ, ಅನಂತರ ವೈದ್ಯರು ಹೇಳಿದಾಗಲೆಲ್ಲ ಮತ್ತೊಂದು ಮಾಡಿಸಿಕೊಳ್ಳಿ.

ನಿಮ್ಮ ಸ್ಥಾನದಲ್ಲಿದ್ದರೆ ನಾನು ದಿನದ ಔಷಧದಿಂದಲೇ ಆರಂಭಿಸುತ್ತಿದ್ದೆ. ಪ್ರಮಾಣ ನೆಲೆಗೊಂಡ ಮೇಲೂ ವಾರಕ್ಕೆ ಎರಡು ಮೂರು ಡೋಸು ತಪ್ಪುತ್ತಿದ್ದರೆ ಆಗ ವಾರದ ಔಷಧಕ್ಕೆ ಬದಲಾಗುವುದು ಸರಿ. ಮೊದಲ ಡೋಸಿಗೆ ಮುನ್ನ ನಿಮ್ಮ ಸುಸ್ತು, ನಿದ್ದೆ, ಮನಸ್ಸಿನ ಸ್ಥಿತಿಗಳನ್ನು ಬರೆದಿಡಿ. ಇಂಗ್ಲೆಂಡಿನಲ್ಲಿ ಇದಕ್ಕಾಗಿ 25 ಪ್ರಶ್ನೆಗಳ ಪಟ್ಟಿಯೊಂದನ್ನು ಬಳಸುತ್ತಾರೆ. ಒಂಬತ್ತು ತಿಂಗಳ ನಂತರ ಅಂಕ ಏಳಾದರೂ ಸುಧಾರಿಸದಿದ್ದರೆ ಸಾಮಾನ್ಯವಾಗಿ ಔಷಧ ನಿಲ್ಲಿಸುತ್ತಾರೆ. ಅದೇ ಪಟ್ಟಿಯನ್ನು ನಿಮಗೂ ಕೊಡುವಂತೆ ವೈದ್ಯರನ್ನು ಕೇಳಿ, ಈಗಲೇ ತುಂಬಿ ಇಟ್ಟುಕೊಳ್ಳಿ.